ಭೋಳೆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಪ್ರಶ್ನೆ: ಬ್ಯಾಂಕಿನವನೆಂದು ಫೋನ್ ಮಾಡಿದವನಿಗೆ ನಮ್ಮಪ್ಪ ಒಟಿಪಿ ಹೇಳಿಬಿಟ್ಟರು. ತೊಗರಿ ಮಾರಿದ ದುಡ್ಡೆಲ್ಲ ಹೋಯಿತು. ಬೆಂಗಳೂರಿನಲ್ಲಿರುವ ಕಾಕಾನ ಮಗ ಅವರನ್ನು ‘ಸಕರ್’ ಅಂದ, ಮರುದಿನ ‘ಪ್ಯಾಟ್ಸಿ’ ಅಂದ. ಎರಡೂ ಒಂದೇನಾ? ಇಷ್ಟು ಚುಚ್ಚದ ಪದ ಇಲ್ಲವೇ?
– ಓದುಗಿ, ಚಿತ್ತಾಪುರ

ಉತ್ತರ: ಒಂದೇ ಅಲ್ಲ ತಂಗಿ. ‘ಸಕರ್’ ಅಂದರೆ ಮೂಲದಲ್ಲಿ ಇನ್ನೂ ಮೊಲೆ ಬಿಡದ ಕೂಸು. ಯಾರೇನು ಹೇಳಿದರೂ ನಂಬುವವ ಎಂಬ ಅರ್ಥ 19ನೆಯ ಶತಮಾನದ ಅಮೆರಿಕದಲ್ಲಿ ಬಳಕೆಗೆ ಬಂತು. ಬ್ರಿಟನ್ನಿನವರು ಇದೇ ಜಾಗದಲ್ಲಿ ‘ಮಗ್’ ಅಂತಾರೆ. ಎರಡರಲ್ಲೂ ಮೋಸಹೋದವನನ್ನು ಕಂಡು ನಗುವ ನಗೆ ಇದೆ. ‘ಪ್ಯಾಟ್ಸಿ’ ಹೆಚ್ಚಾಗಿ ಮಂದಿಯ ತಪ್ಪನ್ನು ತನ್ನ ತಲೆಗೆ ಕಟ್ಟಿಸಿಕೊಂಡವ, ನಾವು ‘ಬಲಿ ಕಾ ಬಕರಾ’ ಅಂತೀವಲ್ಲ, ಹಾಗೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಶಂಕಿತನಾಗಿ ಸೆರೆಯಲ್ಲಿದ್ದ ಆಸ್ವಾಲ್ಡ್ ಪತ್ರಕರ್ತರೆದುರು ತಾನು ಪ್ಯಾಟ್ಸಿ ಅಂದದ್ದು ಈ ಅರ್ಥದಲ್ಲೇ. ನಿಮ್ಮಪ್ಪನ ಮೇಲೆ ಯಾರೂ ತಪ್ಪು ಹೊರಿಸಿಲ್ಲ. ಆ ಪದ ಅವರಿಗೆ ಹೊಂದುವುದೇ ಇಲ್ಲ.

ಹುಡುಗನಿದ್ದಾಗ ನಾನು ಅಪ್ಪನ ಜೊತೆ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೋಗಿದ್ದೆ. ಅಡತಿ ಅಂಗಡಿಯವ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಅಂತ ಊದಿ, ‘ಹಸಿ ಅದ’ ಅಂದವನೇ ಚೀಲಕ್ಕೆರಡು ಕಿಲೋ ಮುರಿದ. ಅಂಗಳದಲ್ಲಿ ಹರವಿ, ಅವ್ವ ದಿನಾ ಕಾಲಾಡಿಸಿ ಒಣಗಿಸಿದ ತೊಗರಿ ಅದು. ಅಪ್ಪ ಸುಮ್ಮನೆ ತಲೆಯಾಡಿಸಿದರು. ರಾತ್ರಿ ರೊಟ್ಟಿ ಬಡಿಯುತ್ತ ಅವ್ವ ಅಂದದ್ದು ಇಷ್ಟೇ: ‘ಭಾಳ ಭೋಳೆ ಅದೀರಿ ನೀವು.’ ಅದರಲ್ಲಿ ಎರಡು ಕಿಲೋದ ಸಂಕಟ ಇತ್ತು, ಅಪ್ಪನ ಮೇಲಿನ ಜೀವವೂ ಇತ್ತು. ‘ಸಕರ್’ನಲ್ಲಿ ಆ ಜೀವ ಹುಡುಕಿದರೂ ಸಿಗದು.

‘ಭೋಳೆ’ಗೆ ‘ಟ್ರಸ್ಟಿಂಗ್’ ಸ್ವಲ್ಪ ಹತ್ತಿರ ಬರುತ್ತದೆ. ನಾನಾದರೆ ‘ಹೀ ವಾಸ್ ಟೇಕನ್ ಇನ್’ ಅನ್ನುತ್ತೇನೆ. ‘ಸಕರ್’ ಮನುಷ್ಯನಿಗೆ ಅಂಟಿಕೊಳ್ಳುವ ಹೆಸರು. ‘ಟೇಕನ್ ಇನ್’ ನಿಮ್ಮಪ್ಪನಿಗೆ ಹೆಸರಿಡದೆ, ಅವರಿಗೆ ಯಾರೋ ಮೋಸ ಮಾಡಿದರು ಅಂತಷ್ಟೇ ಹೇಳುತ್ತದೆ. ಕಾಕಾನ ಮಗನಿಗೆ ಇದನ್ನು ಓದಿ ಹೇಳಿ.

ಅಂದಹಾಗೆ, ಸೈಬರ್ ವಂಚನೆಯ ದೂರಿಗೆ 1930 ಸಂಖ್ಯೆ ಇದೆ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯಲು ಅಷ್ಟು ಅನುಕೂಲ. ಇನ್ನೂ ಕರೆ ಮಾಡಿಲ್ಲವಾದರೆ ಇವತ್ತೇ ಮಾಡಿ, ಅಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡು.