ಗ್ಯಾಸ್ ತುಂಬಿಸಿದ್ದಾಯ್ತು, ಈಗ ಕಂಪ್ರೆಸರ್ ಅಂತೆ! ಮೆಕ್ಯಾನಿಕ್ ಮಾತು ನಂಬಬಹುದಾ?

ಪ್ರಶ್ನೆ: ಸರ್, ನಮ್ಮದು 7 ವರ್ಷದ ಡಬಲ್ ಡೋರ್, ಫ್ರಾಸ್ಟ್ ಫ್ರೀ ಫ್ರಿಡ್ಜ್. ಮೇಲೆ ಫ್ರೀಜರ್‌ನಲ್ಲಿ ಐಸ್ ಆಗುತ್ತದೆ, ಕೆಳಗೆ ಮಾತ್ರ ತಂಪೇ ಇಲ್ಲ, ಹಾಲು ಒಡೆಯುತ್ತಿದೆ. ಮೆಕ್ಯಾನಿಕ್ ಬಂದು ಗ್ಯಾಸ್ ಹೋಗಿದೆ ಅಂತ 3,200 ರೂಪಾಯಿ ತಗೊಂಡು ತುಂಬಿಸಿದರು. 10 ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಕಂಪ್ರೆಸರ್ ವೀಕ್ ಆಗಿದೆ, ಬದಲಾಯಿಸಲೇಬೇಕು, 8,500 ಆಗುತ್ತದೆ ಅನ್ನುತ್ತಾರೆ. ಹೇಗೆ ನಂಬೋದು?
– ಗೃಹಿಣಿ, ದಾವಣಗೆರೆ

ಉತ್ತರ: ಕಂಪ್ರೆಸರ್‌ಗೆ ಸದ್ಯ ಒಂದು ರೂಪಾಯಿಯೂ ಕೊಡಬೇಡಿ ಮೇಡಂ. ಅದು ವೀಕ್ ಆಗಿದ್ದರೆ ಸಾಮಾನ್ಯವಾಗಿ ಫ್ರೀಜರ್‌ನಲ್ಲೂ ತಂಪು ಕಮ್ಮಿಯಾಗುತ್ತದೆ. ಗ್ಯಾಸ್ ಕಮ್ಮಿಯಾದರೂ ಅಷ್ಟೇ. ನಿಮ್ಮಲ್ಲಿ ಮೇಲೆ ಐಸ್ ಆಗುತ್ತಿದೆ, ಅಂದರೆ ತಂಪು ಹುಟ್ಟುತ್ತಿದೆ, ಬಹುಶಃ ಕೆಳಗೆ ಇಳಿಯುತ್ತಿಲ್ಲ ಅಷ್ಟೆ.

ಇಂಥ ಫ್ರಿಡ್ಜ್‌ನಲ್ಲಿ ತಂಪು ಮಾಡುವ ಕಾಯಿಲ್ ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಒಳಗಿರುತ್ತದೆ. ಒಂದು ಸಣ್ಣ ಫ್ಯಾನ್ ಅಲ್ಲಿಂದ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಕಾಯಿಲ್ ಮೇಲೆ ಮಂಜು ಕಟ್ಟುವುದು ಸಹಜ, ಅದನ್ನು ಕರಗಿಸಲು ಕೆಲವು ಗಂಟೆಗೊಮ್ಮೆ ಹೀಟರ್ ತಾನಾಗೇ ಆನ್ ಆಗಬೇಕು. ಆ ಹೀಟರ್, ಮಂಜು ಕರಗಿದ ಮೇಲೆ ಅದನ್ನು ಆಫ್ ಮಾಡುವ ಬೈಮೆಟಲ್ ಸ್ವಿಚ್, ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್, ಟೈಮರ್, ಇವುಗಳಲ್ಲಿ ಒಂದು ಕೈಕೊಟ್ಟರೂ ಮಂಜು ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಫ್ಯಾನ್ ಕೆಟ್ಟರೂ ಕೆಳಗೆ ತಂಪಿರುವುದಿಲ್ಲ, ಅದನ್ನೂ ನೋಡಿಸಿ. ಯಾವುದೇ ಆದರೂ ಕಂಪ್ರೆಸರ್ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಗ್ಯಾಸ್ ಹಾಕಿದ ಮೇಲೆ 10 ದಿನ ಸರಿಯಿದ್ದದ್ದು ಹೇಗೆ ಅಂತೀರಾ? ಅಲ್ಲೇ ಇರೋದು ಮಜಾ. ಕೆಲಸ ಮಾಡುವಾಗ ಫ್ರಿಡ್ಜ್ ಗಂಟೆಗಟ್ಟಲೆ ಆಫ್ ಆಗಿತ್ತು, ಬಾಗಿಲು ತೆರೆದಿತ್ತು, ಒಳಗಿನ ಮಂಜು ತಾನಾಗೇ ಕರಗಿತು. ಗ್ಯಾಸ್ ಹಾಕದೆ ಸುಮ್ನೆ ಆಫ್ ಮಾಡಿಟ್ಟಿದ್ದರೂ ಅಷ್ಟು ದಿನ ಓಡುತ್ತಿತ್ತು! ಆತ ಮೋಸ ಮಾಡಿದರೋ ಗೊತ್ತಿಲ್ಲದೆ ಮಾಡಿದರೋ ನಾನು ಹೇಳಲಾರೆ, ಎಷ್ಟೋ ಸಲ ಮೆಕ್ಯಾನಿಕ್‌ಗೇ ತಾನು ರಿಪೇರಿ ಮಾಡಿದೆ ಅನ್ನೋ ನಂಬಿಕೆ ಇರುತ್ತದೆ.

ನೀವೇ ಪರೀಕ್ಷೆ ಮಾಡಿ. ಎಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ, ಕೆಳಗೆ ಹಳೇ ಬಟ್ಟೆ ಹಾಸಿರಿ. ಆಮೇಲೆ ಆನ್ ಮಾಡಿದಾಗ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಕೆಟ್ಟರೆ ಹೆಚ್ಚುಕಮ್ಮಿ ಡಿಫ್ರಾಸ್ಟ್, ಅಂದರೆ ಮಂಜು ಕರಗಿಸುವ ವ್ಯವಸ್ಥೆಯ ತೊಂದರೆಯೇ. ಬೇರೆ ಮೆಕ್ಯಾನಿಕ್ ಕರೆಸಿ, ಹಲಗೆ ಬಿಚ್ಚಿಸಿ, ಕಾಯಿಲ್ ನಿಮಗೂ ತೋರಿಸಲು ಹೇಳಿ. ಕಾಯಿಲ್ ಪೂರ್ತಿ ದಪ್ಪ ಮಂಜಿನಲ್ಲಿ ಹೂತಿದ್ದರೆ ಗ್ಯಾಸ್ ಮಾತೇ ಬೇಡ, ಒಂದು ಮೂಲೆಯಲ್ಲಿ ಮಾತ್ರ ತೆಳ್ಳಗೆ ಮಂಜಿದ್ದರೆ ಗ್ಯಾಸ್ ಅನುಮಾನ ಸರಿ. ಮೆಕ್ಯಾನಿಕ್ ಈ ಪಾರ್ಟ್‌ಗಳನ್ನು ಮಲ್ಟಿಮೀಟರ್ (ಕರೆಂಟ್ ಹರಿಯುತ್ತದಾ ಅಂತ ನೋಡುವ ಮೀಟರ್) ಇಟ್ಟು ನೋಡುವಾಗ ಇನ್ನೊಂದು ಎಡವಟ್ಟು ಆಗುತ್ತದೆ: ಬೈಮೆಟಲ್ ಚಳಿಯಲ್ಲಿ ಮಾತ್ರ ಕನೆಕ್ಟ್ ಆಗುವ ಸ್ವಿಚ್, ಬೆಚ್ಚಗಿರುವಾಗ ನೋಡಿದರೆ ಚೆನ್ನಾಗಿರೋದೂ ಕಟ್ ಆದಂತೆ ಕಾಣುತ್ತದೆ.

ಇನ್ನು ಗ್ಯಾಸ್. ಅದು ಸ್ಕೂಟರ್ ಪೆಟ್ರೋಲ್ ಥರ ಉರಿದು ಖರ್ಚಾಗುವ ವಸ್ತುವಲ್ಲ, ಸೀಲ್ ಆದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಕಮ್ಮಿಯಾಗಿದ್ದರೆ ಲೀಕ್ ಇರಲೇಬೇಕು. ಲೀಕ್ ಎಲ್ಲಿ ಅಂತ ತೋರಿಸದೆ ತುಂಬಿಸುವವರಿಗೆ ಬೇಡ ಅನ್ನಿ. ಈಚಿನ ಫ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವ ಆರ್600ಎ ಬೆಂಕಿ ಹತ್ತುವ ಗ್ಯಾಸ್, ಹಾಗಾಗಿ ಅರೆಬರೆ ಕಲಿತವರಿಗೆ ಕೊಡಲೂಬಾರದು.

ಒಂದು ತಪ್ಪು ಗ್ರಾಹಕರಾದ ನಮ್ಮ ಕಡೆಯದೂ ಇದೆ. ಬಂದು ಅರ್ಧ ಗಂಟೆ ನೋಡಿದ್ದಕ್ಕೆ 400 ಕೇಳಿದರೆ ‘ಏನೂ ಮಾಡಿಲ್ಲ, ಸುಮ್ನೆ ನೋಡಿದ್ದಕ್ಕೆ ದುಡ್ಡಾ?’ ಅಂತೀವಿ, ಪಾರ್ಟ್ ಹಾಕಿದರೆ ಮಾತ್ರ ಖುಷಿಯಿಂದ ಕೊಡುತ್ತೀವಿ. ಮತ್ತೆ ಅವರು ಪಾರ್ಟ್ ಹಾಕದೆ ಇರ್ತಾರಾ? ನೋಡಿದ್ದಕ್ಕೇ ಬೇರೆ ಚಾರ್ಜ್ ಕೊಡ್ತೀನಿ, ರಿಪೇರಿ ಆಮೇಲೆ ತೀರ್ಮಾನಿಸೋಣ ಅಂತ ಫೋನಲ್ಲೇ ಹೇಳಿ. ಬದಲಾಯಿಸಿದರೆ ಹಳೇ ಪಾರ್ಟ್ ನಿಮ್ಮ ಕೈಗೇ ಬರಬೇಕು, ಅದನ್ನೂ ಮೊದಲೇ ಹೇಳಿಬಿಡಿ.

ವಾರಂಟಿ ಕಾರ್ಡ್ ಹುಡುಕಿದಿರಾ? ಎಷ್ಟೋ ಕಂಪನಿಗಳು ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಕೊಡುತ್ತವೆ, ಗ್ಯಾಸ್ ಮತ್ತು ಕೂಲಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಹಾಗೇ, ಆ 3,200ಕ್ಕೆ ಬಿಲ್ ಕೊಟ್ಟಿದ್ದಾರಾ? ಇಲ್ಲದಿದ್ದರೆ ಈಗಲೇ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ತಪ್ಪು ವ್ಯಾಪಾರ ಪದ್ಧತಿ. ಕೊಡಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.