ಮಹಾಸಭೆಗೆ ಊರೆಲ್ಲ ಬರಲಿ, ಕೈ ಎತ್ತುವವರು ಸದಸ್ಯರೇ ಆಗಿರಲಿ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ನೋಂದಾಯಿತ ಸೇವಾ ಸಂಘವಿದೆ. ಬಡ ಮಕ್ಕಳ ಓದಿಗೆ, ರೋಗಿಗಳ ಔಷಧಿಗೆ ನೆರವಾಗುತ್ತೇವೆ. ವಾರ್ಷಿಕ ಮಹಾಸಭೆಗೆ ಸದಸ್ಯರಿಗಿಂತ ದಾನಿಗಳು, ಮಕ್ಕಳ ಪೋಷಕರು, ಊರವರೇ ಹೆಚ್ಚು ಬರುತ್ತಾರೆ. ಕಳೆದ ವರ್ಷ ಲೆಕ್ಕಪತ್ರ ಮಂಜೂರು ಮಾಡುವಾಗ ಎಲ್ಲರೂ ಕೈ ಎತ್ತಿದರು. ಅದು ಊರ್ಜಿತವಲ್ಲವೆಂದು ಹಿರಿಯ ಸದಸ್ಯರೊಬ್ಬರ ತಕರಾರು. ಈ ಸಲ ಹೊರಗಿನವರನ್ನು ಬರಬೇಡಿ ಎನ್ನಬೇಕೇ? – ಕಾರ್ಯದರ್ಶಿ

ಉತ್ತರ: ಹಾಗೆನ್ನಬೇಡಿ. ಹಣ ಕೊಟ್ಟವರ ಎದುರೇ ಲೆಕ್ಕ ಓದಿದ ಸಂಘಕ್ಕೆ ಮುಂದಿನ ವರ್ಷ ರಶೀದಿ ಪುಸ್ತಕ ಹಿಡಿದು ಹೊರಡಲು ಮುಜುಗರವಿರುವುದಿಲ್ಲ. ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ನಿಷೇಧವಿಲ್ಲದಿದ್ದರೆ ಅವರು ಧಾರಾಳವಾಗಿ ಬಂದು ಕೂರಲಿ.

ಆದರೆ ನಿಮ್ಮ ಹಿರಿಯರ ಮಾತೂ ಸರಿ. 1956ರ ತನಕ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡಕ್ಕೆ ಸೇರಿತ್ತಲ್ಲ, ಹಾಗಾಗಿ ಇಲ್ಲಿ ತಿರುವಾಂಕೂರು-ಕೊಚ್ಚಿಯ 1955ರ ಸಂಘ ನೋಂದಣಿ ಕಾಯಿದೆ ನಡೆಯುವುದಿಲ್ಲ. 1860ರ ಸೊಸೈಟಿ ನೋಂದಣಿ ಕಾಯಿದೆಯೇ ಆಧಾರ. ಅದರ 15ನೇ ಕಲಮಿನ ಪ್ರಕಾರ ನಿಯಮದಂತೆ ಸೇರಿ, ಚಂದಾ ಕೊಟ್ಟವರು ಅಥವಾ ಸದಸ್ಯರ ಪಟ್ಟಿಯಲ್ಲಿ ಸಹಿ ಹಾಕಿದವರೇ ಸದಸ್ಯರು. ಮೂರು ತಿಂಗಳಿಗೂ ಮೀರಿ ಚಂದಾ ಬಾಕಿ ಇಟ್ಟವರಿಗೆ ಮತವಿಲ್ಲ, ಅವರು ಸದಸ್ಯರ ಲೆಕ್ಕಕ್ಕೇ ಬರುವುದಿಲ್ಲ. ತಕರಾರು ತೆಗೆದವರ ಚಂದಾ ಸಂದಿದೆಯೇ ಎಂದೂ ಒಮ್ಮೆ ನೋಡಿಬಿಡಿ!

ಬಾಗಿಲಲ್ಲಿ ಎರಡು ಹಾಜರಿ ಪುಸ್ತಕ ಇಡಿ, ಸದಸ್ಯರಿಗೊಂದು, ಉಳಿದವರಿಗೊಂದು. ಸದಸ್ಯರು ಸಹಿ ಹಾಕಿದೊಡನೆ ಅವರ ಕೈಗೆ ಬಣ್ಣದ ಚೀಟಿಯೊಂದನ್ನು ಕೊಡಿ. ಮತಕ್ಕೆ ಬರಿಗೈ ಅಲ್ಲ, ಚೀಟಿ ಮೇಲೇಳಬೇಕು. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಎಣಿಸುವುದೂ ಸದಸ್ಯರ ಪುಸ್ತಕದಿಂದಲೇ. ಸೂಚಕರು, ಅನುಮೋದಕರು ಸದಸ್ಯರೇ ಆಗಬೇಕು. ದಾನಿಗಳು ಪ್ರಶ್ನೆ ಕೇಳಲಿ (ಒಳ್ಳೆಯ ಪ್ರಶ್ನೆಗಳು ಹೆಚ್ಚಾಗಿ ಅವರಿಂದಲೇ ಬರುವುದು). ಅವರ ಮಾತನ್ನು ನಡಾವಳಿಯಲ್ಲಿ ‘ಸಲಹೆ’ ಎಂದಷ್ಟೇ ಬರೆಯಿರಿ. ಮಲಯಾಳ ಮಾತ್ರ ಬಲ್ಲವರಿದ್ದರೆ ನಿರ್ಣಯವನ್ನು ಆ ಭಾಷೆಯಲ್ಲೂ ಒಮ್ಮೆ ಹೇಳಿ.

ನಮ್ಮಲ್ಲಿ ಗಣ್ಯರನ್ನು ಕರೆದು ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂರಿಸುವ ಚಾಳಿ ಇದೆ. ದೀಪ, ಶಾಲು, ಭಾಷಣ ಎಲ್ಲ ಇರಲಿ. ಅಜೆಂಡಾ ಶುರುವಾದಾಗ ಮಾತ್ರ ಬೈಲಾ ಹೇಳಿದವರೇ ಆ ಕುರ್ಚಿಗೆ ಬರಬೇಕು. ಮತ ಸಮಸಮ ಬಿದ್ದು ಕುರ್ಚಿಯಲ್ಲಿದ್ದವರೇ ತೀರ್ಮಾನಿಸಬೇಕಾಗಿ ಬಂದರೆ ಅತಿಥಿಗಳಿಗೆ ಪೇಚಾಟ, ನಿಮಗೆ ಕೇಸು.

ಇನ್ನೊಂದು ಎಚ್ಚರ: ನೆರವು ಪಡೆದ ಮಕ್ಕಳ, ರೋಗಿಗಳ ಹೆಸರನ್ನು ತುಂಬಿದ ಸಭೆಯಲ್ಲಿ ಓದಬೇಡಿ. ಪೋಷಕರು ಅಲ್ಲೇ ಕುಳಿತಿರುತ್ತಾರೆ. ಸಂಖ್ಯೆ, ಮೊತ್ತ ಸಾಕು.

ಸಭೆಯ ದಿನ ಬೈಲಾದಲ್ಲೇ ಇದ್ದರೆ, ಸಭೆಯಾಗಿ 14 ದಿನದೊಳಗೆ ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿ ರಿಜಿಸ್ಟ್ರಾರರಿಗೆ ಸಲ್ಲಬೇಕು.

ಕಳೆದ ವರ್ಷದ್ದೋ? ಅದೇ ಲೆಕ್ಕಪತ್ರವನ್ನು ಈ ಸಲದ ನೋಟೀಸಿನಲ್ಲಿ ಪ್ರತ್ಯೇಕ ವಿಷಯವಾಗಿ ಸೇರಿಸಿ, ಸದಸ್ಯರಿಂದಲೇ ಮತ್ತೊಮ್ಮೆ ಮಂಜೂರು ಮಾಡಿಸಿ. ಹಳೆಯ ನಡಾವಳಿಯನ್ನು ತಿದ್ದಲು ಮಾತ್ರ ಹೋಗಬೇಡಿ.