ಚಿಕ್ಕಮ್ಮನ ಅಡುಗೆಯನ್ನು ದೂರಬೇಡಿ

ತುಮಕೂರು ಜಿಲ್ಲೆಯ ಓದುಗರೊಬ್ಬರ ಕಾಗದ ಇದು. ಉದ್ದವಿತ್ತು, ಮುಖ್ಯ ಭಾಗವನ್ನಷ್ಟೇ ಕೊಟ್ಟಿದ್ದೇವೆ.

"ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನಿಗೆ ಬೈಪಾಸ್ ಆಯಿತು. ಹೃದಯ ಸರಿಹೋಯಿತು. ಆದರೆ ಮೂರನೇ ದಿನಕ್ಕೆ ಮೂತ್ರ ಕಡಿಮೆಯಾಗಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಒಂದು ಕಸ) ಏರಿತು. ನಾಲ್ಕು ಸಲ ಡಯಾಲಿಸಿಸ್ ಮಾಡಿದ ಮೇಲೆ ಚೇತರಿಸಿಕೊಂಡರು. ಕಳೆದ ಸಂಚಿಕೆಯಲ್ಲಿ ನೀವು 'ಕರುಳು ಚೆನ್ನಾಗಿದ್ದರೆ ಕಿಡ್ನಿ ಸೇಫ್' ಅಂತ ಒಂದು ಬರಹ ಹಾಕಿದಿರಿ. ಅಂದಿನಿಂದ ಮನೆಯಲ್ಲಿ ಚಿಕ್ಕಮ್ಮನ ಮೇಲೇ ಮಾತು. ದಿನಾ ಮೊಟ್ಟೆ, ವಾರಕ್ಕೆರಡು ಸಲ ಮಾಂಸ ಮಾಡಿ ಹಾಕಿದ್ದಕ್ಕೇ ಕಿಡ್ನಿ ಹೋಯ್ತು ಅಂತ. ಅವರು ಮಾತಾಡುವುದನ್ನೇ ಕಡಿಮೆ ಮಾಡಿದ್ದಾರೆ. ಮುಂದಿನ ತಿಂಗಳು ನಮ್ಮ ಅಪ್ಪನಿಗೂ ಬೈಪಾಸ್. ಅವರಿಗೆ ಶುಗರ್ ಇದೆ. ಈಗಿನಿಂದಲೇ ಪ್ರೋಬಯಾಟಿಕ್ ಪುಡಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ) ಕೊಡಲೇ? ಮೊಸರು ಜಾಸ್ತಿ ಹಾಕಿದರೆ ಸಾಕಾ?"

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲು ನಮ್ಮ ತಪ್ಪಿನ ಬಗ್ಗೆ ಹೇಳಬೇಕು. ಆ ತಲೆಬರಹ ಕೊಟ್ಟವನು ನಾನು. ಕರುಳಿನ ಬ್ಯಾಕ್ಟೀರಿಯಾಕ್ಕೂ ಆಪರೇಷನ್ ನಂತರದ ಕಿಡ್ನಿ ತೊಂದರೆಗೂ ನಂಟು ಇರಬಹುದು ಎಂದು ಬರಹದ ಒಳಗಿತ್ತು. ತಲೆಬರಹದಲ್ಲಿ ಆ "ಇರಬಹುದು" ಬಿಟ್ಟುಹೋಯಿತು. ಅದರಿಂದ ಒಂದು ಮನೆಯಲ್ಲಿ ಒಬ್ಬ ಹೆಂಗಸು ಮಾತು ಕೇಳುವಂತಾಯಿತು ಎಂದು ತಿಳಿದು ತುಂಬಾ ಬೇಸರವಾಗಿದೆ. ದಯವಿಟ್ಟು ಈ ಉತ್ತರವನ್ನು ನಿಮ್ಮ ಚಿಕ್ಕಮ್ಮನಿಗೆ ಓದಿ ಹೇಳಿ. ಅವರ ಅಡುಗೆಯಿಂದ ಚಿಕ್ಕಪ್ಪನ ಕಿಡ್ನಿ ಕೆಟ್ಟಿತು ಎಂದು ಹೇಳಲು ಯಾವ ಆಧಾರವೂ ಇಲ್ಲ.

ಹಾಗಾದರೆ ಏನಾಗಿರಬಹುದು? ಹೃದಯದ ಆಪರೇಷನ್ ಆದವರಲ್ಲಿ ಕಿಡ್ನಿಗೆ ಪೆಟ್ಟು ಬೀಳುವುದು ಅಪರೂಪವೇನಲ್ಲ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸಣ್ಣದೋ ದೊಡ್ಡದೋ ಪೆಟ್ಟು ಬೀಳುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿ ಇಳಿಯುತ್ತದೆ, ಅಷ್ಟೆ. 48 ಗಂಟೆಯೊಳಗೆ ಅದು (ಡೆಸಿಲೀಟರ್ ರಕ್ತಕ್ಕೆ) 0.3 ಮಿಲಿಗ್ರಾಂನಷ್ಟು ಏರಿದರೂ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಡಯಾಲಿಸಿಸ್‌ವರೆಗೆ ಹೋಗುವವರು ನೂರಕ್ಕೆ ಕೆಲವರು ಮಾತ್ರ. ನಿಮ್ಮ ಚಿಕ್ಕಪ್ಪ ಆ ಕೆಲವರಲ್ಲಿ ಒಬ್ಬರಾದರು.

ನಮ್ಮ ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ಎರಡು ಮುಷ್ಟಿ ಗಾತ್ರದ ಅಂಗಗಳಿಗೆ ಅಷ್ಟು ರಕ್ತ! ಆದರೂ ಕಿಡ್ನಿಯ ಒಳಭಾಗಕ್ಕೆ ಯಾವಾಗಲೂ ಆಮ್ಲಜನಕ ಸಾಕೋ ಸಾಲದೋ ಎಂಬಷ್ಟೇ ಸಿಗುವುದು. ಆಪರೇಷನ್ ಹೊತ್ತಿನಲ್ಲಿ ರಕ್ತದೊತ್ತಡ ಏರಿಳಿದರೆ ಮೊದಲು ಸಂಕಟಪಡುವುದು ಆ ಭಾಗ. ಹಾರ್ಟ್ ಲಂಗ್ ಮಷಿನ್ (ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಬಳಸಿದರೆ ರಕ್ತ ಕೊಳವೆಗಳಲ್ಲಿ ಸುತ್ತುವಾಗ ಒಂದಷ್ಟು ಕೆಂಪು ರಕ್ತಕಣಗಳು ಒಡೆಯುತ್ತವೆ. ಒಳಗಿನ ಹಿಮೋಗ್ಲೋಬಿನ್ ಹೊರಗೆ ಬಂದು ಕಿಡ್ನಿಗೆ ಹೊರೆಯಾಗುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ಬೈಪಾಸ್‌ಗಳನ್ನು ಮಷಿನ್ ಇಲ್ಲದೆ, ಬಡಿಯುತ್ತಿರುವ ಹೃದಯದ ಮೇಲೇ ಮಾಡುತ್ತಾರೆ. ಹಾಗೆ ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಶುಗರ್, ವಯಸ್ಸು, ರಕ್ತಹೀನತೆ, ಮೊದಲೇ ಸೊರಗಿದ ಕಿಡ್ನಿ, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಈಗ ಕರುಳಿಗೆ ಬರೋಣ. ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಅವಕ್ಕೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದೇ ಒಂದು ಸಾಲು ಜೀವಕೋಶಗಳದ್ದು. ಆಪರೇಷನ್ ವೇಳೆ ಮೈ ರಕ್ತವನ್ನು ಮುಖ್ಯವಾದ ಕಡೆಗೆ ತಿರುಗಿಸಿದಾಗ ಕರುಳಿಗೆ ರಕ್ತ ಕಡಿಮೆಯಾಗುತ್ತದೆ. ಆ ಗೋಡೆ ಸಡಿಲಾಗುತ್ತದೆ. ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಶತ್ರು ಒಳಗೆ ಬಂದ ಅಂತ ಮೈಯ ಕಾವಲು ಪಡೆ ಎದ್ದು ನಿಲ್ಲುತ್ತದೆ. ಆಗ ಎದ್ದ ಉರಿಯೂತ ಮೊದಲೇ ಸೋತಿರುವ ಕಿಡ್ನಿಯನ್ನೂ ತಟ್ಟುತ್ತದೆ.

ಹಾನಿ ಒಂದೇ ದಿಕ್ಕಿನಲ್ಲಿ ಹೋಗುವುದೂ ಇಲ್ಲ. ಕಿಡ್ನಿ ಕೆಲಸ ನಿಲ್ಲಿಸಿದರೆ ರಕ್ತದಲ್ಲಿ ಯೂರಿಯಾ ಏರುತ್ತದೆ. ಅದು ಕರುಳಿಗೂ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಅಮೋನಿಯಾ ಮತ್ತೆ ಆ ಗೋಡೆಯನ್ನೇ ಕೆಡಿಸುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳು ಪ್ರೋಟೀನ್ ಒಡೆದಾಗ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟ್‌ನಂಥ ಕಸವನ್ನು ದಿನಾ ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಮಲಗಿದರೆ ಅದೂ ರಕ್ತದಲ್ಲಿ ಉಳಿಯುತ್ತದೆ.

ಬ್ಯಾಕ್ಟೀರಿಯಾಗಳಿಂದ ಕೆಡುಕಷ್ಟೇ ಅಲ್ಲ, ಉಪಕಾರವೂ ಇದೆ. ರಾಗಿ, ಕಾಳು, ಸೊಪ್ಪಿನ ನಾರನ್ನು ನಾವು ಅರಗಿಸಿಕೊಳ್ಳಲಾರೆವು. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಯ ಜೀವಕೋಶಗಳಿಗೆ ಬ್ಯುಟಿರೇಟ್ ಊಟವಿದ್ದಂತೆ. 2015ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಇಲಿಗಳ ಕಿಡ್ನಿಗೆ ರಕ್ತ ನಿಲ್ಲಿಸಿ ಮತ್ತೆ ಬಿಟ್ಟು ನೋಡಿದರು. ಈ ಆಮ್ಲಗಳನ್ನು ಕೊಟ್ಟ ಇಲಿಗಳಲ್ಲಿ ಹಾನಿ ಕಡಿಮೆಯಿತ್ತು.

ಇಷ್ಟು ಕೇಳಿದರೆ ನಮ್ಮ ತಲೆಬರಹವೇ ಸರಿ ಅನ್ನಿಸಬಹುದು. ಆದರೆ ಇನ್ನೆರಡು ಪ್ರಯೋಗಗಳ ಕಥೆ ಕೇಳಿ. ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ಇಲಿಗಳಿಗೆ ಕಿಡ್ನಿ ಹಾನಿ ಜಾಸ್ತಿ ಆಗುತ್ತದೆ ಎಂದು 2009ರಲ್ಲಿ ಅಮೆರಿಕದ ಒಂದು ತಂಡ ಹೇಳಿತು. 2017ರಲ್ಲಿ ನೆದರ್ಲೆಂಡ್ಸ್‌ನ ತಂಡ ಆ್ಯಂಟಿಬಯಾಟಿಕ್ ಕೊಟ್ಟು ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಬಹುಪಾಲು ಕೊಂದಿತು. ಆ ಇಲಿಗಳ ಕಿಡ್ನಿಗೆ ಹಾನಿ ಕಡಿಮೆಯಾಯಿತು! ಒಂದರ ಪ್ರಕಾರ ಬ್ಯಾಕ್ಟೀರಿಯಾ ಕಾಪಾಡುತ್ತವೆ, ಇನ್ನೊಂದರ ಪ್ರಕಾರ ಕೆಡಿಸುತ್ತವೆ. ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾವಾಗ ಎಂಬುದರ ಮೇಲೆ ಎಲ್ಲ ನಿಂತಿದೆ. ಮನುಷ್ಯರಲ್ಲೂ ಆಪರೇಷನ್ ಮುಂಚೆ ಮಲದ ಮಾದರಿ ತೆಗೆದು, ಕಿಡ್ನಿಗೆ ಪೆಟ್ಟು ಬಿದ್ದವರನ್ನೂ ಬೀಳದವರನ್ನೂ ಹೋಲಿಸಿದ್ದಾರೆ. ವ್ಯತ್ಯಾಸ ಕಂಡಿದೆ. ಆದರೆ ಶುಗರ್ ಇದ್ದವರ ಕರುಳಿನ ಬ್ಯಾಕ್ಟೀರಿಯಾ ಹೇಗೂ ಬೇರೆ, ಅವರ ಕಿಡ್ನಿಯ ಅಪಾಯವೂ ಹೇಗೂ ಹೆಚ್ಚು. ಯಾವುದರಿಂದ ಯಾವುದು ಎಂದು ಹೇಗೆ ಹೇಳುವುದು?

ಮೊಟ್ಟೆ, ಮಾಂಸದ ಮೇಲಿನ ಅನುಮಾನ ಎಲ್ಲಿಂದ ಬಂತು ಅಂತಲೂ ಹೇಳಬೇಕು. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ಅವರ ತಂಡ ಟಿಎಂಎಒ ಎಂಬ ವಸ್ತುವಿನ ಬಗ್ಗೆ ಬರೆಯಿತು. ಮೊಟ್ಟೆ, ಮಾಂಸದಲ್ಲಿರುವ ಕೆಲವು ಅಂಶಗಳನ್ನು ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ, ಲಿವರ್ ಅದನ್ನು ಟಿಎಂಎಒ ಮಾಡುತ್ತದೆ. ಇದು ಹೆಚ್ಚಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಆದರೆ ಅದನ್ನು ಹೊರಹಾಕುವುದೂ ಕಿಡ್ನಿಯೇ. ಕಿಡ್ನಿ ಸೊರಗಿದರೆ ಏನೇ ತಿಂದರೂ ಅದು ರಕ್ತದಲ್ಲಿ ಏರುತ್ತದೆ. ಸಮುದ್ರದ ಮೀನಿನಲ್ಲಂತೂ ಅದು ತಾನಾಗಿಯೇ ಧಾರಾಳವಾಗಿದೆ, ಆದರೂ ಡಾಕ್ಟರು ಹೃದಯಕ್ಕೆ ಮೀನು ಒಳ್ಳೆಯದು ಅನ್ನುತ್ತಾರೆ. ಇಂಥದ್ದನ್ನು ಹಿಡಿದು ಒಬ್ಬರ ತಟ್ಟೆಗೂ ಅವರ ಡಯಾಲಿಸಿಸ್‌ಗೂ ಗಂಟು ಹಾಕುವುದು ಅನ್ಯಾಯ.

ಇನ್ನು ಪ್ರೋಬಯಾಟಿಕ್ ಪುಡಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನೀವಾಗಿ ಕೊಡಬೇಡಿ. ಅದರಿಂದ ಆಪರೇಷನ್ ನಂತರ ಕಿಡ್ನಿ ಉಳಿಯುತ್ತದೆ ಎಂಬುದು ಸಾಬೀತಾಗಿಲ್ಲ. ನನ್ನನ್ನು ಎಚ್ಚರಿಸಿದ್ದು 2021ರಲ್ಲಿ ಹೊರಬಂದ ಒಂದು ದೊಡ್ಡ ಪ್ರಯೋಗ. ಹೆಚ್ಚಾಗಿ ಕೆನಡಾದ ಐಸಿಯುಗಳಲ್ಲಿ, ವೆಂಟಿಲೇಟರ್ ಮೇಲಿದ್ದ 2,650 ರೋಗಿಗಳಲ್ಲಿ ನಡೆದದ್ದು. ಅರ್ಧ ಜನರಿಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೋಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟರು, ನ್ಯುಮೋನಿಯಾ ತಡೆಯಲಿ ಅಂತ. ತಡೆಯಲಿಲ್ಲ. ಕೊಟ್ಟವರಲ್ಲಿ ಕೆಲವರಿಗೆ ಆ "ಒಳ್ಳೆಯ" ಬ್ಯಾಕ್ಟೀರಿಯಾವೇ ರಕ್ತದಂಥ ಇರಬಾರದ ಕಡೆ ಕಾಣಿಸಿಕೊಂಡಿತು. ಆರೋಗ್ಯವಂತರಿಗೆ ಏನೂ ಮಾಡದ ಪುಡಿ, ಕರುಳಿನ ಗೋಡೆ ಸಡಿಲಾದವರಿಗೆ ಹಾಗೇ ಇರಬೇಕೆಂದಿಲ್ಲ ಅಲ್ವಾ? ಅಪ್ಪ ಮನೆಯ ಮೊಸರು, ಮಜ್ಜಿಗೆ ಎಂದಿನಂತೆ ತಗೊಳ್ಳಲಿ. ಮುದ್ದೆ, ಕಾಳಿನ ಸಾರು, ಸೊಪ್ಪು ಊಟದಲ್ಲಿರಲಿ. ಕಿಡ್ನಿ ಈಗಾಗಲೇ ಸೊರಗಿದ್ದರೆ ಮಾತ್ರ ಸೊಪ್ಪು, ಕಾಳು ಎಷ್ಟು ಎಂದು ಡಾಕ್ಟರನ್ನು ಕೇಳಿ, ಪೊಟ್ಯಾಸಿಯಂ ಲೆಕ್ಕ ನೋಡಬೇಕಾಗುತ್ತದೆ. ಆಪರೇಷನ್‌ಗೆ ಮುಂಚೆ ಕೊಡುವ ಆ್ಯಂಟಿಬಯಾಟಿಕ್ ಬೇಡ ಅಂತ ಯಾರಾದರೂ ಅಂದರೆ ಖಂಡಿತ ಕೇಳಬೇಡಿ. ಗಾಯಕ್ಕೆ ಸೋಂಕು ತಗಲದಂತೆ ಕಾಯುವುದು ಅದೇ.

ಮನೆಯವರಾಗಿ ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಅಪ್ಪ ಮಂಡಿ ನೋವು, ಸೊಂಟ ನೋವು ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರಾ? ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥವು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ನಮ್ಮ ಊರುಗಳಲ್ಲಿ ಎಷ್ಟು ಹಿರಿಯರು ಇವನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ನುಂಗುತ್ತಾರೆ ಎಂದು ನೆನೆದರೆ ನನಗೆ ಭಯವಾಗುತ್ತದೆ. ನಾಟಿ ಔಷಧಿ, ಪುಡಿ, ಕಷಾಯ ಏನಿದ್ದರೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಿಪಿ, ಶುಗರ್ ಮಾತ್ರೆಗಳಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ಅವರೇ ಹೇಳಲಿ. ಆ್ಯಂಜಿಯೋಗ್ರಾಂಗೆ ಹಾಕುವ ಬಣ್ಣದ ಔಷಧಿಯೂ ಕಿಡ್ನಿಗೆ ಹೊರೆಯಾಗಬಹುದು. ಅದು ಯಾವತ್ತು ಆಯಿತು, ಆಮೇಲೆ ಕ್ರಿಯಾಟಿನಿನ್ ಎಷ್ಟಿತ್ತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದನ್ನು ಮೊದಲೇ ಸರಿಮಾಡಲು ಆಗುತ್ತದಾ ಎಂದೂ ಕೇಳಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಆಸ್ಪತ್ರೆಯವರ ಕೈಯಲ್ಲೂ ದಾರಿಗಳಿವೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಹೃದಯದ ಆಪರೇಷನ್ ಆದ 276 ರೋಗಿಗಳ ಮೇಲೆ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಪಾಯ ಹೆಚ್ಚಿರುವವರನ್ನು ಮೂತ್ರ ಪರೀಕ್ಷೆಯಿಂದ ಬೇಗ ಗುರುತಿಸಿ, ರಕ್ತದೊತ್ತಡ, ನೀರಿನಂಶ, ಶುಗರ್ ಎಲ್ಲವನ್ನೂ ಬಿಗಿಯಾಗಿ ನೋಡಿಕೊಂಡರು. ಅಪಾಯ ಹೆಚ್ಚಿದ್ದ ಇವರಲ್ಲಿ ಕಿಡ್ನಿ ಹಾನಿ ನೂರಕ್ಕೆ 72ರಿಂದ 55ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಇಲ್ಲ, ಕಣ್ಣಿಟ್ಟು ನೋಡಿಕೊಂಡದ್ದು ಅಷ್ಟೆ. 2024ರಲ್ಲಿ ಇಟಲಿಯವರ ಮುಂದಾಳತ್ವದ ಪ್ರಯೋಗದಲ್ಲಿ ಹೃದಯದ ಆಪರೇಷನ್ ಆದ 3,511 ರೋಗಿಗಳಿದ್ದರು. ರಕ್ತನಾಳದ ಮೂಲಕ ಅಮೈನೋ ಆಮ್ಲ (ಪ್ರೋಟೀನಿನ ಬಿಡಿಭಾಗ) ಕೊಟ್ಟಾಗ ಹಾನಿ ನೂರಕ್ಕೆ 31.7ರಿಂದ 26.9ಕ್ಕೆ ಇಳಿಯಿತು. ನಿಮ್ಮ ತಂದೆಯ ಡಾಕ್ಟರ ಹತ್ತಿರ ಇದನ್ನು ಪ್ರಸ್ತಾಪಿಸಬಹುದು. ಅವರಿಗೆ ಬೇಕೋ ಬೇಡವೋ ಎಂದು ಹೇಳಬೇಕಾದವರು ಡಾಕ್ಟರೇ.

ಇನ್ನೊಂದು ಮಾತು, ಚಿಕ್ಕಪ್ಪನ ಬಗ್ಗೆ. ಒಮ್ಮೆ ಹೀಗೆ ಪೆಟ್ಟು ತಿಂದ ಕಿಡ್ನಿ ಮೇಲ್ನೋಟಕ್ಕೆ ಸರಿಹೋದರೂ ಮುಂದೆ ನಿಧಾನವಾಗಿ ಸೊರಗುವ ಸಂಭವ ಹೆಚ್ಚು. ಇಂಥವರನ್ನು ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ಡಿಸ್ಚಾರ್ಜ್ ಆದ ಮೇಲೆ ಅವರು ಕ್ರಿಯಾಟಿನಿನ್ ಮಾಡಿಸಿದ್ದರ ಬಗ್ಗೆ ನಿಮ್ಮ ಕಾಗದದಲ್ಲಿ ಒಂದು ಮಾತೂ ಇಲ್ಲ. ಮಾಡಿಸಿಲ್ಲವಾದರೆ ಈ ವಾರವೇ ಕರೆದುಕೊಂಡು ಹೋಗಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದೂ ನೋಡಿಸಿ. ರಿಪೋರ್ಟ್ ಬಂದ ಮೇಲೆ ನಮಗೊಂದು ಸಾಲು ಬರೆಯಿರಿ. ಅಪ್ಪನ ಆಪರೇಷನ್ ಹೇಗಾಯಿತು ಎಂಬುದನ್ನೂ ತಿಳಿಸಿ.

— ಸಂಪಾದಕ